ನಾಲ್ಕು ಮೂಲೆಯ ದೀಪ

ಮನೆಗೆ ಪೂಲ್ ಟೇಬಲ್ ತರುವವರ ಜಾತಕವೆಲ್ಲ ಒಂದೇ. ಮೇಜಿಗೆ ಲಕ್ಷಗಟ್ಟಲೆ ಸುರಿಯುತ್ತಾರೆ. ಹಾಸುಬಟ್ಟೆ ಹಸಿರೋ ನೀಲಿಯೋ ಎಂದು ಮನೆಮಂದಿಯೆಲ್ಲ ಸೇರಿ ವಾರಗಟ್ಟಲೆ ವಾದಿಸುತ್ತಾರೆ. ಕ್ಯೂ ಯಾವ ದೇಶದ ಮರದ್ದು ಎಂದು ವಿಚಾರಿಸುತ್ತಾರೆ. ದೀಪದ ಮಾತು ಬಂತೋ, 'ಇದೆಯಲ್ಲ ಟ್ಯೂಬ್‌ಲೈಟು' ಅಂತ ಕೈ ತೊಳೆದುಕೊಳ್ಳುತ್ತಾರೆ. ಆಡುವುದು ಕೈಯಿಂದಲ್ಲ, ಕಣ್ಣಿಂದ ಅನ್ನುವುದು ಹೊಳೆಯುವ ಹೊತ್ತಿಗೆ ದುಡ್ಡು ಖಾಲಿಯಾಗಿರುತ್ತದೆ.

ಕಂಬಂನ ನನ್ನ ಗೆಳೆಯನೂ ಇದಕ್ಕೆ ಹೊರತಲ್ಲ. ತಮಿಳುನಾಡಿನ ತೇನಿ ಜಿಲ್ಲೆಯ ಆ ಕಣಿವೆಯಲ್ಲಿ ಒಕ್ಕಲಿಗರ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡವೇ ಮನೆಮಾತು. ಬೀದಿಗೆ ಇಳಿದರೆ ತಮಿಳು, ಹೊಸ್ತಿಲು ದಾಟಿ ಒಳಬಂದರೆ ಕನ್ನಡ. ಇವನ ಮನೆಯೂ ಅಂಥದ್ದೇ. ಓದಿದ್ದು ಬೆಂಗಳೂರಿನಲ್ಲಿ, ನನ್ನ ಜೊತೆಗೆ. ಓದಿದ್ದಕ್ಕಿಂತ ಹೆಚ್ಚು ಹೊತ್ತು ನಾವಿಬ್ಬರೂ ಕಳೆದದ್ದು ಮಹಡಿ ಮೇಲಿನ ಹೊಗೆ ತುಂಬಿದ ಪೂಲ್ ಪಾರ್ಲರುಗಳಲ್ಲಿ. ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದು ಬಂದ ವರ್ಷ ಆ ಪಾರ್ಲರುಗಳಲ್ಲಿ ನಿಲ್ಲಲು ಜಾಗವಿರಲಿಲ್ಲ. ಕ್ಯೂ ಹಿಡಿದ ಪ್ರತಿಯೊಬ್ಬನಿಗೂ ತಾನು ಪಂಕಜ್‌ರ ಗುರು ಅರವಿಂದ್ ಸವೂರರ ಕಣ್ಣಿಗೆ ಇನ್ನೂ ಬೀಳದ ಶಿಷ್ಯ ಎಂಬ ಭ್ರಮೆ. ನಮಗೂ ಇತ್ತು. ಆಮೇಲೆ ಅವನು ಊರಿಗೆ ಹೋಗಿ ಅಪ್ಪನ ದ್ರಾಕ್ಷಿ ತೋಟ ನೋಡಿಕೊಂಡ. ಕಂಬಂನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಅದಾದ ಕೆಲವು ತಿಂಗಳಿಗೆ ಮದುರೆಯಲ್ಲಿ ಬಾಗಿಲು ಮುಚ್ಚಿದ ಪಾರ್ಲರೊಂದರಿಂದ ಎಂಟಡಿಯ ಪೂಲ್ ಟೇಬಲ್ ಲಾರಿ ಹತ್ತಿತು.

ಮೇಜು ಬಂದು ಕೂತಿದ್ದು ಹಳೇ ಮನೆಯ ಉಗ್ರಾಣದಲ್ಲಿ. ಮದ್ರಾಸ್ ತಾರಸಿಯ ಕೋಣೆ: ಸಾಲಾಗಿ ಮರದ ತೊಲೆಗಳು, ಅವುಗಳ ಮೇಲೆ ನೆಟ್ಟಗೆ ನಿಲ್ಲಿಸಿ ಓರೆಯಾಗಿ ಜೋಡಿಸಿದ ಇಟ್ಟಿಗೆ, ಸುಣ್ಣದ ಗಾರೆ. ಎತ್ತರ ಧಾರಾಳ. ಅಗಲವೂ ಸಾಕಷ್ಟಿತ್ತು. ಆಡುವ ಜಾಗ 88 ಇಂಚು ಉದ್ದ, 44 ಇಂಚು ಅಗಲ. ಸುತ್ತಲೂ ಒಂದೊಂದು ಕ್ಯೂ ಉದ್ದ ಬಿಟ್ಟರೆ ಹದಿನೇಳಡಿಗೆ ಹದಿಮೂರಡಿ ನಾಲ್ಕಿಂಚಿನ ಕೋಣೆಯಾದರೂ ಬೇಕು. ಇಷ್ಟಿಲ್ಲದವರು ಹೊಡೆಯುವಾಗಲೆಲ್ಲ ಕ್ಯೂನ ಹಿಂತುದಿಯಿಂದ ಗೋಡೆಗೆ ಗಾರೆ ಕೆಲಸ ಮಾಡುತ್ತಿರುತ್ತಾರೆ.

ದೀಪಕ್ಕೆಂದು ಅವನು ಮೊದಲು ತರಿಸಿದ್ದು ಸಿನಿಮಾದ ಬಾರುಗಳಲ್ಲಿ ಕಾಣುವಂಥದ್ದು: ಹಿತ್ತಾಳೆ ಬಣ್ಣದ ಕೊಳವೆ, ಅದಕ್ಕೆ ಮೂರು ಹಸಿರು ಬುರುಡೆ. ನೋಡಲು ಚೆಂದವೋ ಚೆಂದ. ನಾನು ಹೋದ ದಿನ ಅದರಡಿಯಲ್ಲಿ ಒಂದು ಆಟ ಆಡಿದೆವು. ಬಿಳಿ ಚೆಂಡಿನ ಬುಡದಲ್ಲಿ ಮೂರು ನೆರಳು, ಬಿಲ್ವಪತ್ರೆಯ ಹಾಗೆ. ಚೆಂಡಿನ ಅಂಚು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಎಂದೇ ತಿಳಿಯದು. ಪೂಲ್ ಆಟದ ಗುಟ್ಟಿರುವುದೇ ಆ ಅಂಚಿನಲ್ಲಿ. ಗುರಿ ಚೆಂಡಿನ ಎಷ್ಟು ಭಾಗಕ್ಕೆ ಬಿಳಿ ಚೆಂಡು ತಾಗಬೇಕು, ಅರ್ಧಕ್ಕೋ ಕಾಲಿಗೋ ಎಂದು ಅಳೆಯುವುದು ಅಂಚನ್ನು ನೋಡಿಯೇ. ಮೇಜಿನ ನಡುವೆ ಕಣ್ಣು ಕೋರೈಸುವ ಬೆಳಕು, ಮೂಲೆಗಳಲ್ಲಿ ಮುಸ್ಸಂಜೆ. ಆರು ಪಾಕೆಟ್ಟುಗಳಲ್ಲಿ ನಾಲ್ಕು ಇರುವುದು ಮೂಲೆಯಲ್ಲೇ ಅಲ್ಲವೇ? ಚೆಂಡು ಹೋಗಬೇಕಾದ ಕಡೆ ಕತ್ತಲೆ, ಹೋಗಬೇಕಿಲ್ಲದ ಕಡೆ ದೀಪೋತ್ಸವ.

ಇದರ ಲೆಕ್ಕ ಕಷ್ಟದ್ದಲ್ಲ. ಮೇಜಿನ ನಟ್ಟನಡುವೆ, ಹಾಸಿನಿಂದ 40 ಇಂಚು ಮೇಲೆ ಒಂದೇ ಒಂದು ಬಲ್ಬು ತೂಗುಹಾಕಿ. ದೂರ ಹೆಚ್ಚಿದಂತೆ ಬೆಳಕು ವರ್ಗದ ಲೆಕ್ಕದಲ್ಲಿ ಸೊರಗುತ್ತದೆ, ಓರೆಯಾಗಿ ಬಿದ್ದದ್ದಕ್ಕೆ ಮತ್ತೊಂದು ಕಡಿತ. ಎರಡೂ ಸೇರಿ, ನಡುವೆ ಬೀಳುವ ಬೆಳಕಿನ ಕಾಲು ಭಾಗ ಮಾತ್ರ ಮೂಲೆಗೆ ಮುಟ್ಟುತ್ತದೆ. ವರ್ಲ್ಡ್ ಪೂಲ್-ಬಿಲಿಯರ್ಡ್ ಅಸೋಸಿಯೇಷನ್ನಿನ ನಿಯಮವೋ, ಹಾಸಿನ ಮತ್ತು ಅಂಚುಪಟ್ಟಿಯ ಪ್ರತಿ ಬಿಂದುವಿನಲ್ಲೂ ಕಡೇಪಕ್ಷ 520 ಲಕ್ಸ್ ಇರಲೇಬೇಕು ಅನ್ನುತ್ತದೆ. ನಡುವಿನ ಬೆಳಕು ಮೂಲೆಗಿಂತ ಎದ್ದು ಕಾಣಬಾರದು. ಪಕ್ಕಕ್ಕೆ ಸರಿಸಬಹುದಾದ ದೀಪವಾದರೆ ಹಾಸಿನಿಂದ 40 ಇಂಚಿಗಿಂತ ಕೆಳಗೆ ಬರಬಾರದು, ಸರಿಸಲಾಗದ ದೀಪವಾದರೆ 65 ಇಂಚು. ಅಂಚುಪಟ್ಟಿ ಸೇರಿ ಮೇಜು ಸುಮಾರು ಮೂರೂವರೆ ಚದರ ಮೀಟರ್. 520ರಿಂದ ಗುಣಿಸಿದರೆ 1800 ಚಿಲ್ಲರೆ ಲ್ಯೂಮೆನ್. ಮುಸುಕಿನ ಹಾಳೆ ನುಂಗುವುದು, ಮೇಜಿನಾಚೆ ಚೆಲ್ಲಿಹೋಗುವುದು ಎಲ್ಲ ಕಳೆದು ನೋಡಿದರೆ ದೀಪದಿಂದ ಅದರ ದುಪ್ಪಟ್ಟಾದರೂ ಹೊರಡಬೇಕು. ಹಳೇ ಕಾಲದ ತಂತಿ ಬಲ್ಬಾಗಿದ್ದರೆ ಮುನ್ನೂರು ವ್ಯಾಟ್ ಉರಿಸಿ, ಆಟಗಾರರ ನೆತ್ತಿಯನ್ನೂ ಹುರಿದು, ಇದನ್ನು ಸಾಧಿಸಬೇಕಿತ್ತು. ಎಲ್‌ಇಡಿಗೆ ನಲವತ್ತು ವ್ಯಾಟ್ ಸಾಕು.

ಹುರಿಸಿಕೊಂಡವರೂ ಇದ್ದರು ಅನ್ನಿ. ಸ್ನೂಕರ್ ಹುಟ್ಟಿದ್ದೇ ನಮ್ಮ ನಾಡಿನ ಮಿಲಿಟರಿ ಮೆಸ್ಸುಗಳಲ್ಲಿ. 1875ರಲ್ಲಿ ಜಬಲ್ಪುರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿ (ಮುಂದೆ ಬ್ರಿಟನ್ನಿನ ಪ್ರಧಾನಿಯಾದವರು ಬೇರೆ) ಹೂಡಿದ ಆಟ ಅದು. ನಿಯಮಗಳು ಒಂದು ರೂಪಕ್ಕೆ ಬಂದು ಗೋಡೆ ಏರಿದ್ದು 1880ರ ದಶಕದಲ್ಲಿ, ನಮ್ಮ ಗುಂಡ್ಲುಪೇಟೆಯಿಂದ ಘಟ್ಟ ಹತ್ತಿದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ. ಹಳೇ ಕ್ಲಬ್ಬುಗಳಲ್ಲಿ ಮೇಜಿನ ಉದ್ದಕ್ಕೂ ತೂಗುವ, ಹಸಿರು ಬಟ್ಟೆಯ ಜಾಲರಿ ಕಟ್ಟಿದ ದೊಡ್ಡ ದೀಪಛತ್ರಿಗಳನ್ನು ನೋಡಿದವರಿಗೆ ಅವು ಡೌಲಿನ ವಸ್ತು ಅನ್ನಿಸಬಹುದು. ಡೌಲಲ್ಲ. ಬೆಳಕು ಮೇಜಿಗೆ ಹರಡಬೇಕು, ಆಟಗಾರನ ಕಣ್ಣಿಗೆ ಹೊಡೆಯಬಾರದು: ಆ ಜಾಲರಿ ಮಾಡುತ್ತಿದ್ದದ್ದು ಅಷ್ಟೇ ಕೆಲಸ.

ನಾವು ಮಾಡಹೊರಟಿದ್ದೂ ಅದನ್ನೇ, ಜಾಲರಿಯಿಲ್ಲದೆ. ನಡುವೆ ಬಲ್ಬು ತೂಗುವ ಬದಲು ಬೆಳಕನ್ನೇ ಮೇಜಿನ ಅಂಚಿಗೆ ಕಳಿಸುವುದು. ಏಳಡಿಗೆ ಮೂರೂವರೆ ಅಡಿಯ ಆಯತಾಕಾರದ ಚೌಕಟ್ಟು, ನಡುವೆ ಪೂರ್ತಿ ಖಾಲಿ, ಒಳಗಡೆ ಸುತ್ತಲೂ ಎಲ್‌ಇಡಿ ಪಟ್ಟಿ. ನಾಲ್ಕೂ ಕಡೆಯಿಂದ ಬೆಳಕು ಬಿದ್ದರೆ ಒಂದು ಕಡೆಯ ನೆರಳನ್ನು ಇನ್ನೊಂದು ಕಡೆ ಅಳಿಸುತ್ತದೆ. ನಡುವೆ ಖಾಲಿ ಬಿಟ್ಟಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕಂಬಂನ ಚಿತ್ರೆ ತಿಂಗಳ ಸೆಖೆಯಲ್ಲಿ ಫ್ಯಾನಿಲ್ಲದೆ ಆಡುವವರು ಯಾರೂ ಇಲ್ಲ. ಫ್ಯಾನು ಮೇಲೆ, ಚೌಕಟ್ಟು ಕೆಳಗೆ. ಗಾಳಿ ನಡುವಿನಿಂದ ಇಳಿಯುತ್ತದೆ, ರೆಕ್ಕೆ ಬೆಳಕನ್ನು ಕತ್ತರಿಸುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸಾಮಾನೆಲ್ಲ ತಂದುಬಿಡುತ್ತೇನೆ ಅಂದೆ. ಅವನಿಗೆ ಬೇಡ. 'ನಮ್ಮ ಕಡೆ ಏನಿಲ್ಲ ಅಂತ?' ಎಂದ. ಮರ ಸಿಲ್ವರ್ ಓಕ್, ಮೇಲಿನ ಏಲಕ್ಕಿ ತೋಟಗಳ ಕಡೆಯಿಂದ ಇಳಿದು ಬಂದದ್ದು. ತೇಗದಷ್ಟು ತೂಕವಿಲ್ಲ, ತೇಗದ ಬೆಲೆಯೂ ಇಲ್ಲ. ಮೂಲೆಗಳನ್ನು 45 ಡಿಗ್ರಿಗೆ ಕೊಯ್ದು ಕೂಡಿಸಿದ ಬಡಗಿ, ಕರ್ಣದಿಂದ ಕರ್ಣಕ್ಕೆ ದಾರ ಹಿಡಿದು ಎರಡೂ ಸಮ ಬರುವತನಕ ಅಂಟು ಒಣಗಲು ಬಿಡಲಿಲ್ಲ. ಹಲಗೆಯ ಅಗಲ ಎಷ್ಟಿರಬೇಕು ಎಂಬುದರ ಮೇಲೆ ಮಾತ್ರ ಮನೆಯಲ್ಲೊಂದು ವ್ಯಾಜ್ಯ ಎದ್ದಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಬಣ್ಣದ ಕತೆ. ಪೂಲ್ ಚೆಂಡುಗಳಲ್ಲಿ ಮೂರನೇ ನಂಬರಿನದು ಕೆಂಪು, ಏಳನೆಯದು ಮರೂನ್. ಕಳಪೆ ಎಲ್‌ಇಡಿ ಅಡಿಯಲ್ಲಿ ಎರಡೂ ಅವಳಿ ಮಕ್ಕಳು. ಅದಕ್ಕೇ ಗೆಳೆಯ ಎರಡನ್ನೂ ಪ್ಯಾಂಟಿನ ಜೇಬಿನಲ್ಲಿ ಹಾಕಿಕೊಂಡು ತೇನಿಯ ಅಂಗಡಿಗೆ ಬಂದ. ಬಸ್ಸಿನಲ್ಲಿ ಪಕ್ಕದವರು ಆ ಜೇಬನ್ನು ನೋಡಿದ ನೋಟ ಬರೆಯುವಂಥದ್ದಲ್ಲ. ಅಂಗಡಿಯ ಹಿರಿಯರು ಚಿನ್ನಾಳಪಟ್ಟಿ ಕಡೆಯ ದೇವಾಂಗರು. ಅವರದೂ ಮನೆಮಾತು ಕನ್ನಡ, ಮನೆಯಲ್ಲಿ ಹಿಂದೆ ಸುಂಗುಡಿ ಸೀರೆಯ ವ್ಯಾಪಾರ. ನಾವು ಕೇಳಿದ್ದು ಅವರಿಗೆ ವಿವರಣೆಯಿಲ್ಲದೆ ಅರ್ಥವಾಯಿತು. ಎರಡು ಚೆಂಡನ್ನೂ ಅಂಗೈ ಮೇಲಿಟ್ಟುಕೊಂಡು ಬಾಗಿಲಿಗೆ ಹೋಗಿ, ಬಿಸಿಲಿನಲ್ಲಿ ಹಿಡಿದು ನೋಡಿ, ಒಳಗೆ ಬಂದು ಒಂದೊಂದೇ ಪಟ್ಟಿ ಹೊತ್ತಿಸಿದರು. 'ಸೀರೆ ತಗೊಳ್ಳೋಕೆ ಬಂದ ಹೆಂಗಸರು ಹೀಗೇ ಮಾಡೋದು, ನೀವು ಗಂಡಸರು ದೀಪಕ್ಕೆ ಮಾಡ್ತಿದ್ದೀರಿ' ಎಂದು ನಕ್ಕರು. ಪೊಟ್ಟಣದ ಮೇಲೆ ಸಿಆರ್‌ಐ 90 ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದ ಒಂದು ಪಟ್ಟಿಯ ಅಡಿಯಲ್ಲೂ ಕೆಂಪು ಮಂಕಾಗಿ ಮರೂನಿನ ಪಕ್ಕಕ್ಕೆ ಸರಿಯಿತು. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂದು ಹೇಳುವ ಆ ಅಂಕಿ ಎಂಟು ತಿಳಿಬಣ್ಣಗಳ ಸರಾಸರಿ. ಗಾಢ ಕೆಂಪು ಆ ಬಣ್ಣಗಳ ಯಾದಿಯಲ್ಲಿ ಒಂಬತ್ತನೆಯದು, ಸರಾಸರಿಗೆ ಅದು ಸೇರುವುದೇ ಇಲ್ಲ. ಕೆಂಪಿನಲ್ಲಿ ನಪಾಸಾದವನೂ ಒಟ್ಟಿನಲ್ಲಿ ಫಸ್ಟ್ ಕ್ಲಾಸು. ಕೊನೆಗೆ ಸಿಕ್ಕಿದ್ದು 4000 ಕೆಲ್ವಿನ್ನಿನ, ಬಿಸಿಲಿನಲ್ಲಿ ಕಂಡ ಕೆಂಪನ್ನೇ ತೋರಿಸಿದ ಪಟ್ಟಿ. ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದೂ ನೋಡಿದೆವು. ಪಟ್ಟಿಗೆ ಕರೆಂಟು ಕೊಡುವ ಡ್ರೈವರ್ ಅಗ್ಗದ್ದಾದರೆ ಪರದೆಯ ಮೇಲೆ ಕಪ್ಪು ಪಟ್ಟೆಗಳು ತೆವಳುತ್ತವೆ. ಬೆಳಕು ಸೆಕೆಂಡಿಗೆ ನೂರು ಸಲ ಮಿಡಿಯುತ್ತಿದೆ ಎಂದರ್ಥ. ಕಣ್ಣಿಗೆ ಕಾಣದಿದ್ದರೂ ಒಂದು ಗಂಟೆ ಆಡಿದ ಮೇಲೆ ತಲೆ ಹೇಳುತ್ತದೆ.

ಪಟ್ಟಿ 24 ವೋಲ್ಟಿನದು. 12ರದ್ದು ಅಗ್ಗ, ಆದರೆ ಇಪ್ಪತ್ತೊಂದು ಅಡಿಯ ಸುತ್ತಳತೆಯಲ್ಲಿ ಕೊನೆಯ ಮೂಲೆ ತಲುಪುವಷ್ಟರಲ್ಲಿ ಸುಸ್ತಾಗುತ್ತದೆ. ನಮಗೆ ಬೇಕಿದ್ದದ್ದೇ ಮೂಲೆ. 24 ವೋಲ್ಟನ್ನೂ ಎದುರುಬದುರಿನ ಎರಡು ಮೂಲೆಗಳಿಂದ ಕೊಟ್ಟೆವು. ಮೀಟರಿಗೆ ಹತ್ತು ವ್ಯಾಟಿನಂತೆ ಒಟ್ಟು 64 ವ್ಯಾಟ್. ಲೆಕ್ಕಕ್ಕಿಂತ ಜಾಸ್ತಿಯೇ, ಇರಲಿ, ಡಿಮ್ಮರ್ ಇದೆ. ಪಟ್ಟಿಯ ಬೆನ್ನಿಗೆ ಶಾಖ ಹೀರಲು ಅಲ್ಯೂಮಿನಿಯಂ ಚಾನೆಲ್, ಮುಖಕ್ಕೆ ಹಾಲುಬಣ್ಣದ ಅಕ್ರಿಲಿಕ್.

ಆ ಚಾನೆಲ್ಲು ಮತ್ತು ಕೊಕ್ಕೆಗಳಿಗಾಗಿ ದಿಂಡಿಗಲ್ಲಿಗೆ ಹೋದೆವು. 1755ರಲ್ಲಿ ಮೈಸೂರಿನಿಂದ ಫೌಜುದಾರನಾಗಿ ಹೋದ ಹೈದರಾಲಿ ದೊಡ್ಡವನಾಗಿ ಬೆಳೆದದ್ದು ಆ ಬಂಡೆಗೋಟೆಯ ನೆರಳಿನಲ್ಲೇ. ಈಗ ಊರಿನ ಹೆಸರು ಬೀಗದ್ದು. ಕೈಯಲ್ಲೇ ಅರ ಹಾಕಿ ಮಾಡುವ ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಆದರೂ ಯಂತ್ರದ ಅಗ್ಗದ ಬೀಗಗಳ ಮುಂದೆ ಆ ಕಸುಬು ಸೊರಗುತ್ತಲೇ ಇದೆ. ಒಂದು ಸಣ್ಣ ಪಟ್ಟಡೆಯಲ್ಲಿ ಮಾವಿನಕಾಯಿ ಆಕಾರದ ಬೀಗಕ್ಕೆ ಅರ ಹಾಕುತ್ತಿದ್ದ ಮುದುಕರಿಗೆ ನಮ್ಮ ಬೇಡಿಕೆ ಹೇಳಿದೆವು: ಸರಪಳಿಯ ಯಾವ ಕೊಂಡಿಗಾದರೂ ಸಿಕ್ಕಿಸುವಂತಿರಬೇಕು, ದೀಪ ಎಷ್ಟು ಅಲುಗಾಡಿದರೂ ಕಳಚಬಾರದು. ಅವರು ಯೋಚಿಸಿ ಕೊಕ್ಕೆಯ ಬಾಯಿಗೆ ಸ್ಪ್ರಿಂಗಿನ ನಾಲಿಗೆಯೊಂದನ್ನು ಕೂರಿಸಿದರು. ಒಳಗೆ ಹೋಗುವಾಗ ಟಕ್ ಎನ್ನುತ್ತದೆ, ಹೊರಬರಲು ಹೆಬ್ಬೆರಳು ಬೇಕು. 'ಇಷ್ಟು ವರ್ಷ ಪೆಟ್ಟಿಗೆಗೆ ಬೀಗ ಮಾಡಿದೆ, ಬೆಳಕಿಗೆ ಮಾಡಿದ್ದು ಇದೇ ಮೊದಲು' ಎಂದರು ತಮಿಳಿನಲ್ಲಿ. ಹೇಳಿದ ಬೆಲೆ ಕೇಳಿ ಗೆಳೆಯ ಇನ್ನೂ ಸ್ವಲ್ಪ ಸೇರಿಸಿಯೇ ಕೊಟ್ಟ. ವತ್ತಲಗುಂಡು, ಪೆರಿಯಕುಳಂ ದಾಟಿ ಬರುವ ಬಸ್ಸಿನಲ್ಲಿ ಉದ್ದುದ್ದ ಅಲ್ಯೂಮಿನಿಯಂ ಪಟ್ಟಿಗಳಿಗೂ ಟಿಕೆಟ್ಟು ಹರಿಸಿಕೊಂಡು ಕೂತೆವು.

ಈಗ ಹಲಗೆಯ ವ್ಯಾಜ್ಯ. ಉಗ್ರಾಣದ ಗೋಡೆಯ ಮೇಲೆ ಕರ್ನಲ್ ಪೆನ್ನಿಕ್ವಿಕ್ಕನ ಚಿತ್ರವಿದೆ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿಸಿ, ಪಶ್ಚಿಮಕ್ಕೆ ಹರಿದುಹೋಗುತ್ತಿದ್ದ ನೀರನ್ನು ಈ ಕಣಿವೆಗೆ ತಿರುಗಿಸಿದ ಎಂಜಿನಿಯರು. ನಮಗೆ ವಿಶ್ವೇಶ್ವರಯ್ಯ ಹೇಗೋ ಇಲ್ಲಿಯವರಿಗೆ ಅವನು. ಜನವರಿ 15 ಅವನ ಹುಟ್ಟುಹಬ್ಬ, ಪೊಂಗಲ್‌ ಹೊತ್ತಿಗೇ ಬರುತ್ತದೆ; ಆ ದಿನ ಮನೆಯ ಅಜ್ಜಿ ಚಿತ್ರಕ್ಕೆ ಹಾರ ಹಾಕುತ್ತಾರೆ. ಚೌಕಟ್ಟಿನ ಹಲಗೆ ಎರಡು ಇಂಚಿದ್ದರೆ ಸಾಕು, ತೆಳ್ಳಗೆ ಅಂದವಾಗಿರುತ್ತದೆ ಎಂಬುದು ಗೆಳೆಯನ ಹೆಂಡತಿಯ ವಾದ. ಎರಡಿಂಚಿನ ಹಲಗೆ ಹಿಡಿದು ದೀಪ ಹೊತ್ತಿಸಿ ನೋಡಿದರೆ, ಚಿತ್ರದ ಗಾಜಿನಲ್ಲಿ ಇಡೀ ಎಲ್‌ಇಡಿ ಸಾಲು ಪ್ರತಿಫಲಿಸಿ, ಆ ಕಡೆ ಮುಖ ಮಾಡಿ ಹೊಡೆಯುವವನ ಕಣ್ಣಿಗೇ ಬಂದು ಚುಚ್ಚಿತು. ಚಿತ್ರವನ್ನು ಪಕ್ಕದ ಕೋಣೆಗೆ ಸಾಗಿಸೋಣ ಎಂದ ಮೊಮ್ಮಗನಿಗೆ ಅಜ್ಜಿ ಹೇಳಿದ್ದು ಇಷ್ಟು: 'ನೀರು ತಂದವನು ಇಲ್ಲೇ ಇರ್ತಾನೆ. ನಿನ್ನ ಆಟ ಬೇಕಾದ್ರೆ ಆ ಕೋಣೆಗೆ ಹೋಗ್ಲಿ.'

ಮುನ್ನೂರು ಕಿಲೋ ಮೀರಿದ ಸ್ಲೇಟ್ ಕಲ್ಲಿನ ಮೇಜು ಒಮ್ಮೆ ಮಟ್ಟಸವಾಗಿ ಕೂತ ಮೇಲೆ ಕದಲಿಸುವಂತಿಲ್ಲ. ಪೆನ್ನಿಕ್ವಿಕ್ಕನನ್ನೂ ಕದಲಿಸುವಂತಿಲ್ಲ. ಹಲಗೆ ನಾಲ್ಕೂವರೆ ಇಂಚಾಯಿತು, ಪಟ್ಟಿ ಅದರ ಒಳಮೂಲೆಗೆ ಸರಿದು ಕೂತಿತು. ಈಗ ಗಾಜಿನಲ್ಲಿ ಹಲಗೆಯ ಹೊರಮೈ ಕಾಣುತ್ತದೆ, ಬೆಳಕಿನ ಸಾಲಲ್ಲ. ನಿಂತವನ ಕಣ್ಣಿಗೂ ಹೊಡೆಯುವುದಿಲ್ಲ. ಮೇಜಿನ ಹಾಸು ನೆಲದಿಂದ 30 ಇಂಚು, ಅಲ್ಲಿಂದ 40 ಇಂಚು ಎಂದರೆ ಚೌಕಟ್ಟಿನ ತಳ ನೆಲದಿಂದ ಐದಡಿ ಹತ್ತಿಂಚಿನಲ್ಲಿದೆ. ಮನೆಯಲ್ಲಿ ಅದಕ್ಕಿಂತ ಎತ್ತರದವನು ಒಬ್ಬನೇ, ಅವನಿಗೆ ಹಣೆ ಜೋಪಾನ ಎಂದು ಹೇಳಿದ್ದೇವೆ.

ತೂಗುಹಾಕುವ ದಿನ ತೊಲೆ ಮತ್ತು ಮೇಜು ಒಂದಕ್ಕೊಂದು ಒಪ್ಪಲಿಲ್ಲ. ನೂರು ವರ್ಷದ ಹಿಂದೆ ತೊಲೆ ಏರಿಸಿದವನಿಗೆ ಪೂಲ್ ಟೇಬಲ್ಲಿನ ಕನಸು ಬಿದ್ದಿರಲಿಲ್ಲ. ಎರಡು ತೊಲೆಗಳ ನಡುವೆ ಅಡ್ಡಪಟ್ಟಿ ಕಟ್ಟಿ, ಚೌಕಟ್ಟಿನ ನಾಲ್ಕು ಮೂಲೆಯಿಂದಲೂ ತೂಗುಗುಂಡು ಇಳಿಸಿ, ಗುಂಡಿನ ಮೊನೆ ಪಾಕೆಟ್ಟುಗಳಿಂದ ಸಮದೂರಕ್ಕೆ ಬರುವವರೆಗೆ ಸರಿಸಿದೆವು. ಸರಪಳಿಗಳನ್ನು ನೆಟ್ಟಗೆ ಇಳಿಬಿಡದೆ ಹೊರಮುಖವಾಗಿ ಚಾಚಿ ಕಟ್ಟಿಸಿದ್ದು ನನ್ನ ಹಟ. ಅದರ ಬೆಲೆ ಗೊತ್ತಾದದ್ದು ಆಷಾಢದಲ್ಲಿ. ಆ ತಿಂಗಳು ಕಂಬಂ ಕಣಿವೆಯಲ್ಲಿ ಗಾಳಿ ಬೀಸುವುದಿಲ್ಲ, ನುಗ್ಗುತ್ತದೆ. ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂಬುದು ತಮಿಳರ ಗಾದೆ. ಆಂಡಿಪಟ್ಟಿಯ ಕಡೆಯ ಗಾಳಿಯಂತ್ರಗಳಿಗೆ ಸುಗ್ಗಿ. ಕಿಟಕಿಯ ಕದ ಬಡಿದುಕೊಂಡಿತು, ಕ್ಯಾಲೆಂಡರು ಹಾರಿತು, ನಮ್ಮ ಚೌಕಟ್ಟು ಅರ್ಧ ಇಂಚು ಅಲುಗಿ ನಿಂತಿತು.

ಐಪ್ಪಸಿ ತಿಂಗಳ ಮಳೆಗೆ ಬಂದ ಈಸಲು ಹುಳುಗಳದ್ದು ಬೇರೆ ಪುರಾಣ. ಹಾಸಿನ ಮೇಲೆ ಉದುರಿದ ರೆಕ್ಕೆಯ ಮೇಲೆ ಹಾದ ಚೆಂಡು ದಾರಿ ತಪ್ಪುತ್ತದೆ, ಸೋತವನಿಗೆ ಒಳ್ಳೆ ನೆಪ. ಜಗಲಿಯಲ್ಲಿ ಬಿಳಿ ಬಲ್ಬೊಂದನ್ನು ಹೊತ್ತಿಸಿಟ್ಟು ಅವುಗಳ ಸಂತೆಯನ್ನು ಹೊರಗೇ ನೆರೆಸಿದರು.

ನೂಲಿನ ಗಿರಣಿಯಲ್ಲಿ ಕೆಲಸ ಮಾಡುವ ನೆಂಟರೊಬ್ಬರು ಲಕ್ಸ್ ಮೀಟರ್ ತಂದರು. ನಾಲ್ಕು ಮೂಲೆಯೂ 520 ದಾಟಿತ್ತು, ನಡು ಅದಕ್ಕಿಂತ ತುಸುವೇ ಹೆಚ್ಚು. ಚೆಂಡಿನ ಬುಡದಲ್ಲಿ ನೆರಳು ಎಂದರೆ ಒಂದು ತೆಳು ಉಂಗುರ. ನೋಡಲು ಬಂದ ನೆಂಟರಿಷ್ಟರು ಮೇಜು ಹೊಗಳಿದರು, ಹಾಸು ಸವರಿದರು, ಪೆನ್ನಿಕ್ವಿಕ್ಕನಿಗೆ ಕೈ ಮುಗಿದರು. ದೀಪದ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. 'ಇಷ್ಟು ಓಡಾಡಿ ಮಾಡಿಸಿದ್ರಿ, ದೀಪವೇ ಕಾಣಿಸಲ್ವಲ್ಲೋ' ಎಂದು ಅಜ್ಜಿ ಮರುಗಿದರು. ಗೆಳೆಯನ ಹೆಂಡತಿಗೂ ಆ ಮೂರು ಹಸಿರು ಬುರುಡೆಯ ಮೇಲಿನ ಮೋಹ ಹೋಗಿಲ್ಲ. ಅದೀಗ ಊಟದ ಮೇಜಿನ ಮೇಲಿದೆ, ಅಲ್ಲಿ ನಿಜಕ್ಕೂ ಒಪ್ಪುತ್ತದೆ. ನನ್ನನ್ನು ಕೇಳಿದರೆ, ಆಟದ ಮೇಜಿನ ದೀಪ ಯಾರ ಕಣ್ಣಿಗೂ ಬೀಳದಿದ್ದರೆ ಅದು ಪಾಸು.

ಖರ್ಚಿನ ಭಯ ಇದ್ದವರಿಗೆ ಒಂದು ಲೆಕ್ಕ. ನಾವು ದೀಪ ಹಾಕಿದ ಹೊತ್ತಿಗೆ ತಮಿಳುನಾಡಿನಲ್ಲಿ ಮನೆಯ ಕರೆಂಟ್ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತಿತ್ತು, ಅದರಲ್ಲಿ ಮೊದಲ 100 ಯೂನಿಟ್ ಉಚಿತವಾಗಿತ್ತು. ದಿನಕ್ಕೆ ಎರಡು ಗಂಟೆ ಆಡಿದರೆ ನಮ್ಮ ದೀಪ ಆ ಎರಡು ತಿಂಗಳಲ್ಲಿ ತಿನ್ನುವುದು ಎಂಟು ಯೂನಿಟ್ಟಿನೊಳಗೆ.